ಫಸಲಿನ ಮನೆಗಳಲ್ಲಿ ಬಡ್ಡಿಯ ಲೆಕ್ಕ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ವಿದ್ಯಾರ್ಥಿಗಳಿಗೆ ಹಣಕಾಸು ಶಿಕ್ಷಣ

ಗಳಿಕೆ, ಉಳಿತಾಯ, ಸಾಲಗಳ ಬಗ್ಗೆ ಸ್ವಂತವಾಗಿ ಲೆಕ್ಕ ಹಾಕಿ ತೀರ್ಮಾನಿಸುವುದನ್ನು ಕಲಿಸುವುದೇ ಹಣಕಾಸು ಶಿಕ್ಷಣ. ಇದಕ್ಕೆಂದು ಸಿದ್ಧವಾಗುವ ಪಾಠಗಳು ಬಹುಮಟ್ಟಿಗೆ ತಿಂಗಳ ಸಂಬಳದ ಮನೆಯನ್ನು ಮುಂದಿಟ್ಟುಕೊಳ್ಳುತ್ತವೆ. ಕಡೂರಿನ ತೆಂಗು, ರಾಗಿ, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ ನಂಬಿದ ಮನೆಗಳಲ್ಲಿ ದುಡ್ಡು ಕೈಸೇರುವುದು ಫಸಲು ಮಾರಿದಾಗ. ಕಾಲೇಜಿನ ಶುಲ್ಕ ಕಟ್ಟಬೇಕಾದದ್ದು ಮುಂಗಾರಿನ ಹೊತ್ತಿಗೆ. ಅಡಿಕೆ ಕೊಯ್ಲು ಮಳೆ ಇಳಿದ ಮೇಲೆ. ನಡುವಿನ ತಿಂಗಳುಗಳನ್ನು ಕೈಗಡ, ಚಿನ್ನದ ಸಾಲ, ಮಂಡಿಯ ಮುಂಗಡಗಳು ದಾಟಿಸುತ್ತವೆ. ಹಾಗಾಗಿ ಇಲ್ಲಿ ಪಾಠ ಸಾಲದಿಂದಲೇ ಶುರುವಾಗಬೇಕು.

ಚಕ್ರಬಡ್ಡಿಯ ಸೂತ್ರವನ್ನು ಮಕ್ಕಳು 8ನೇ ತರಗತಿಯಲ್ಲೇ ಕಲಿತಿರುತ್ತಾರೆ. ತೊಡಕಿರುವುದು ಮಾತಿನಲ್ಲಿ. ಪುಸ್ತಕದ ಬಡ್ಡಿ ವರ್ಷಕ್ಕೆ ಶೇಕಡಾ ಇಷ್ಟು. ಊರಿನ ಬಡ್ಡಿ ನೂರಕ್ಕೆ ತಿಂಗಳಿಗೆ ಇಷ್ಟು. ‘ಮೂರು ರೂಪಾಯಿ ಬಡ್ಡಿ’ ಎಂದರೆ 10,000 ರೂಪಾಯಿಗೆ ತಿಂಗಳಿಗೆ 300, ವರ್ಷಕ್ಕೆ 3,600. ಪುಸ್ತಕದ ಭಾಷೆಯಲ್ಲಿ ಶೇ 36. ಕಂತಿನ ಸಾಲದಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿಯನ್ನು ಮೊದಲ ದಿನದ ಅಸಲಿನ ಮೇಲೇ ಹಾಕಿದರೆ, 12 ಸಮ ಕಂತುಗಳ ‘ಶೇ 12’ರ ಸಾಲಕ್ಕೆ ನಿಜವಾಗಿ ಬೀಳುವ ದರ ಸುಮಾರು ಶೇ 21.5. ಎಲ್ಲ ಖರ್ಚೂ ಸೇರಿದ ವಾರ್ಷಿಕ ದರವನ್ನು ಸಾಲಗಾರರಿಗೆ ಬರೆದುಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳ ಹೊಸ ಬಿಡಿ ಸಾಲಗಳಿಗೆ ಅನ್ವಯಿಸುತ್ತದೆ. ಆ ಹಾಳೆಯನ್ನು ತರಗತಿಯಲ್ಲಿ ಓದಲು ಕಲಿತ ಹುಡುಗಿ, ವಾರದ ಕಂತು ಕಟ್ಟುವ ತಾಯಿಗೆ ಮನೆಯಲ್ಲಿ ಅದನ್ನು ಓದಿ ಹೇಳಬಲ್ಲಳು.

ಚೀಟಿಯೂ ಪಾಠವಾಗಬಲ್ಲದು. 20 ಜನ ತಿಂಗಳಿಗೆ 1,000 ರೂಪಾಯಿಯಂತೆ ಹಾಕುವ ಚೀಟಿಯನ್ನು ಮೊದಲ ತಿಂಗಳೇ 5,000 ಬಿಟ್ಟು ಕೂಗಿದವರ ಕೈಗೆ 15,000 ಬರುತ್ತದೆ. ನಡೆಸುವವರ ಕಮಿಷನ್ ಲೆಕ್ಕಕ್ಕೆ ಹಿಡಿಯದಿದ್ದರೆ, ಬಿಟ್ಟ ಹಣದಲ್ಲಿ ತಲೆಗೆ 250. ಒಬ್ಬರ ತುರ್ತು ಉಳಿದವರಿಗೆ ಬಡ್ಡಿಯಾಗುವುದು ಹೀಗೆ. 1982ರ ಚೀಟಿ ನಿಧಿ ಕಾಯ್ದೆಯಡಿ ನೋಂದಣಿಯಾಗದೆ ಬಾಯಿಮಾತಿನ ಮೇಲೆ ನಡೆಯುವ ಚೀಟಿಗೆ ಆ ಕಾಯ್ದೆಯ ರಕ್ಷಣೆಯಿಲ್ಲ.

ಉಳಿತಾಯಕ್ಕೆ ಕರ್ನಾಟಕದ ಕರಾವಳಿ ಕೊಟ್ಟ ಮಾದರಿ ಪಿಗ್ಮಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಲ್ಲೇ ಸಂಗ್ರಹಿಸತೊಡಗಿತು. ಇಂದು ಪತ್ತಿನ ಸಹಕಾರ ಸಂಘಗಳೂ ಪಿಗ್ಮಿ ಎತ್ತುತ್ತವೆ. ಆದರೆ 5 ಲಕ್ಷ ರೂಪಾಯಿವರೆಗಿನ ಠೇವಣಿ ವಿಮೆ ಇರುವುದು ಸಹಕಾರಿ ಬ್ಯಾಂಕುಗಳೂ ಸೇರಿದಂತೆ ಬ್ಯಾಂಕುಗಳಿಗೆ, ಇಂಥ ಸಂಘಗಳಿಗಿಲ್ಲ. ಬಸ್ ನಿಲ್ದಾಣದ ಅಂಗಡಿಯಲ್ಲಿ ದಿನವೂ ಪಿಗ್ಮಿ ಕಟ್ಟುವವರ ಮಕ್ಕಳಿಗೆ ಈ ಒಂದು ವ್ಯತ್ಯಾಸವನ್ನಾದರೂ ತಿಳಿಸಲೇಬೇಕು.

ವಿದ್ಯಾರ್ಥಿಯ ಮೊದಲ ಖಾತೆ ಸಾಮಾನ್ಯವಾಗಿ ವಿದ್ಯಾರ್ಥಿವೇತನಕ್ಕೆಂದೇ ತೆರೆಯುತ್ತದೆ. ಎನ್‌ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ರಾಜ್ಯ ಸರ್ಕಾರದ 2021ರ ರೈತ ವಿದ್ಯಾನಿಧಿ ಯೋಜನೆ, ಪಿಯು ಓದುವ ರೈತರ ಮಕ್ಕಳಲ್ಲಿ ಹುಡುಗರಿಗೆ 2,500, ಹುಡುಗಿಯರಿಗೆ 3,000 ನಿಗದಿ ಮಾಡಿತು. ಹತ್ತು ವರ್ಷ ದಾಟಿದವರು ಖಾತೆಯನ್ನು ತಾವೇ ನಡೆಸಲು 2014ರಿಂದಲೇ ಅವಕಾಶವಿದ್ದರೂ ಪಾಸ್‌ಬುಕ್ ಅಪ್ಪನ ಪೆಟ್ಟಿಗೆಯಲ್ಲೇ ಉಳಿದರೆ ಕಲಿಕೆ ನಡೆಯದು. ಜಮೆ, ಖರ್ಚು, ಕಡಿತಗಳನ್ನು ಸಾಲು ಸಾಲಾಗಿ ಓದಿಸುವುದು ಮೊದಲ ಅಭ್ಯಾಸ. ಕಮಿಷನ್ ಆಸೆಗೆ ಖಾತೆಯನ್ನು ಬೇರೆಯವರ ಹಣ ಸಾಗಿಸಲು ಕೊಟ್ಟರೆ ಪೊಲೀಸ್ ಪ್ರಕರಣ ಖಾತೆದಾರನ ಹೆಸರಿಗೇ ಬರುತ್ತದೆಂಬುದು ಎರಡನೆಯ ಪಾಠ. ವಂಚನೆಯಾದ ಕೂಡಲೇ ಕರೆ ಮಾಡಬೇಕಾದ 1930 ಸಂಖ್ಯೆಯನ್ನು ಇದರ ಜೊತೆಗೇ ಬಾಯಿಪಾಠ ಮಾಡಿಸಬೇಕು.