ಉಬುಂಟು ಭದ್ರತಾ ಅಪ್‌ಡೇಟ್: ಬಳಕೆದಾರರು ಕೆರಳಿದ್ದೇಕೆ?

ಕೊಪ್ಪ: ಉಬುಂಟು ಲಿನಕ್ಸ್ ಇರುವ ಗಣಕಯಂತ್ರವನ್ನು ಅಪ್‌ಡೇಟ್ ಮಾಡಲು ಹೊರಟವರಿಗೆ 2022ರ ಕೊನೆಯ ತಿಂಗಳುಗಳಿಂದ ಹೊಸದೊಂದು ಸೂಚನೆ ಎದುರಾಗತೊಡಗಿತು. ಪಟ್ಟಿಯಲ್ಲಿರುವ ಕೆಲವು ತಂತ್ರಾಂಶಗಳ ಭದ್ರತಾ ಅಪ್‌ಡೇಟ್ ಬೇಕಿದ್ದರೆ ‘ಉಬುಂಟು ಪ್ರೊ’ಗೆ ನೋಂದಾಯಿಸಿಕೊಳ್ಳಬೇಕು ಎಂಬುದು ಅದರ ಸಾರ. ಉಚಿತವೆಂದು ನಂಬಿದ್ದ ವ್ಯವಸ್ಥೆಯಲ್ಲಿ ಸುರಕ್ಷತೆಗೂ ಬೆಲೆ ಕಟ್ಟಲಾಗಿದೆ ಎಂದು ಜಗತ್ತಿನಾದ್ಯಂತ ಬಳಕೆದಾರರು ಕೆರಳಿದರು. ಈ ಆಕ್ರೋಶದಲ್ಲಿ ಅರ್ಧ ತಪ್ಪು ತಿಳಿವಳಿಕೆಯಿತ್ತು. ಉಳಿದರ್ಧಕ್ಕೆ ಬಲವಾದ ಕಾರಣವಿತ್ತು.

ಹಿನ್ನೆಲೆ

ಮಾರ್ಕ್ ಶಟಲ್‌ವರ್ತ್ ಸ್ಥಾಪಿಸಿದ ಕೆನಾನಿಕಲ್ ಸಂಸ್ಥೆ ಉಬುಂಟುವಿನ ಮೊದಲ ಆವೃತ್ತಿಯನ್ನು 2004ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿತು. 2005ರಿಂದ 2011ರವರೆಗೆ ಕೇಳಿದವರಿಗೆಲ್ಲ ಸಿ.ಡಿ.ಯನ್ನು ಅಂಚೆ ವೆಚ್ಚವನ್ನೂ ಪಡೆಯದೆ ಕಳುಹಿಸಿಕೊಟ್ಟಿತು. ಅಂತರಜಾಲ ಸರಿಯಾಗಿ ತಲುಪದ ಊರುಗಳಿಗೂ ಉಬುಂಟು ಬಂದದ್ದು ಹೀಗೆ. ಮುಂದೆ ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ಗಣಕ ತರಬೇತಿಯಲ್ಲೂ ಇದನ್ನು ಬಳಸಲಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೂ ತಲುಪುವ, ಕೇರಳದ ‘ಕೈಟ್’ ಸಂಸ್ಥೆಯ ಶಾಲಾ ವ್ಯವಸ್ಥೆಗೂ ಉಬುಂಟುವೇ ಆಧಾರ.

ಎರಡು ಉಗ್ರಾಣಗಳು

ಗೊಂದಲದ ಮೂಲವಿರುವುದು ಉಬುಂಟುವಿನ ಉಗ್ರಾಣಗಳಲ್ಲಿ. ‘ಮೇನ್’ ಎಂಬ ಉಗ್ರಾಣದ ತಂತ್ರಾಂಶಗಳ ಹೊಣೆ ಕೆನಾನಿಕಲ್‌ನದು. ಎರಡು ವರ್ಷಕ್ಕೊಮ್ಮೆ ಬರುವ ದೀರ್ಘಾವಧಿ ಆವೃತ್ತಿಗಳಲ್ಲಿ ಇವುಗಳಿಗೆ ಐದು ವರ್ಷ ಭದ್ರತಾ ಅಪ್‌ಡೇಟ್ ಉಚಿತವಾಗಿ ದೊರೆಯುತ್ತದೆ. ‘ಯೂನಿವರ್ಸ್’ ಎಂಬ ಇನ್ನೊಂದು ಉಗ್ರಾಣ ಇದಕ್ಕಿಂತ ಬಹುಪಾಲು ದೊಡ್ಡದು. ಅದರ ನಿರ್ವಹಣೆ ಸ್ವಯಂಸೇವಕ ಸಮುದಾಯದ್ದು. ಅಲ್ಲಿನ ದೋಷಗಳನ್ನು ಇಂತಿಷ್ಟು ದಿನದಲ್ಲಿ ಸರಿಪಡಿಸಲಾಗುವುದೆಂಬ ಖಾತರಿ ಎಂದೂ ಇರಲಿಲ್ಲ.

ಆದರೆ ಬಳಸುವವರ ಕಣ್ಣಿಗೆ ಈ ಭೇದ ಕಾಣುತ್ತಿರಲಿಲ್ಲ. ವಿಡಿಯೊ ನೋಡುವ ವಿ.ಎಲ್.ಸಿ., ಮಕ್ಕಳ ಕಲಿಕೆಗಾಗಿರುವ ಜಿ-ಕಾಂಪ್ರಿ ಎರಡೂ ಯೂನಿವರ್ಸ್‌ಗೆ ಸೇರಿದವು. ಇತರ ತಂತ್ರಾಂಶಗಳಂತೆಯೇ ಇವೂ ಒಂದೇ ಕ್ಲಿಕ್ಕಿಗೆ ಸಿಗುತ್ತಿದ್ದವು. ‘ಎಲ್ಲವೂ ಅಪ್‌ಡೇಟ್ ಆಗಿದೆ’ ಎಂಬ ಸಂದೇಶ ಕಂಡವರು ಎಲ್ಲವೂ ಸುರಕ್ಷಿತವೆಂದು ಭಾವಿಸುತ್ತಿದ್ದುದು ಸಹಜ.

ಸೂಚನೆಯ ಎಡವಟ್ಟು

2022ರ ಅಕ್ಟೋಬರ್‌ನಲ್ಲಿ ಪ್ರಯೋಗಾರ್ಥವಾಗಿ ಆರಂಭಗೊಂಡು 2023ರ ಜನವರಿಯಲ್ಲಿ ಪೂರ್ಣರೂಪದಲ್ಲಿ ಜಾರಿಗೆ ಬಂದ ಉಬುಂಟು ಪ್ರೊ, ಯೂನಿವರ್ಸ್‌ನ 23,000ಕ್ಕೂ ಹೆಚ್ಚು ತಂತ್ರಾಂಶಗಳಿಗೆ ಭದ್ರತಾ ಅಪ್‌ಡೇಟ್ ನೀಡುವ ಮತ್ತು ಒಟ್ಟು ಅವಧಿಯನ್ನು ಹತ್ತು ವರ್ಷಕ್ಕೆ ಹೆಚ್ಚಿಸುವ ಯೋಜನೆ. ಐದು ಯಂತ್ರಗಳವರೆಗೆ ಇದು ಉಚಿತ. ಅಂದರೆ ಮೊದಲು ಕೊಡುತ್ತಿದ್ದುದನ್ನು ಕಸಿದುಕೊಂಡಿಲ್ಲ, ಇಲ್ಲದಿದ್ದುದನ್ನು ಸೇರಿಸಲಾಗಿದೆ.

ಇಷ್ಟನ್ನು ನೇರವಾಗಿ ತಿಳಿಸಿದ್ದರೆ ವಿವಾದ ಇಷ್ಟು ಬೆಳೆಯುತ್ತಿರಲಿಲ್ಲ. ಬದಲಿಗೆ ಅಪ್‌ಡೇಟ್‌ನ ನಡುವೆಯೇ ಜಾಹೀರಾತಿನ ಧಾಟಿಯ ಸಾಲುಗಳು ಕಾಣಿಸಿಕೊಂಡವು. ಹಲವು ವರ್ಷ ಕಾವಲಿಲ್ಲದ ತಂತ್ರಾಂಶವನ್ನು ಬಳಸುತ್ತಿದ್ದೆವೆಂಬುದು ಬಳಕೆದಾರರಿಗೆ ತಿಳಿದದ್ದು ಆ ಸಾಲುಗಳಿಂದ. ಅವರ ಕೋಪ ಹಣಕ್ಕಿಂತ ಹೆಚ್ಚಾಗಿ ಈ ಮೌನದ ಮೇಲಿತ್ತು.

ಶಾಲೆಗಳ ಪಾಡು

ಹತ್ತಾರು ಯಂತ್ರಗಳಿರುವ ಪ್ರಯೋಗಾಲಯಕ್ಕೆ ಐದು ಯಂತ್ರಗಳ ಮಿತಿ ಸಾಲದು. ಪಾಠದ ವಿಡಿಯೊಗಳು ಪೆನ್‌ಡ್ರೈವ್‌ನಲ್ಲಿ ಯಂತ್ರದಿಂದ ಯಂತ್ರಕ್ಕೆ ಸಾಗುವ ಕಡೆ ಅಪಾಯ ನಿಜವಾದದ್ದು. ದುರುದ್ದೇಶದಿಂದ ರೂಪಿಸಿದ ವಿಡಿಯೊ ಕಡತವೊಂದು ಹಳೆಯ ಪ್ಲೇಯರಿನ ದೋಷವನ್ನು ಬಳಸಿ ಯಂತ್ರದೊಳಕ್ಕೆ ನುಸುಳಬಲ್ಲದು. ಮಳೆಗಾಲದಲ್ಲಿ ವಿದ್ಯುತ್, ಸಂಪರ್ಕ ಎರಡೂ ಕೈಕೊಡುವ ಮಲೆನಾಡಿನಲ್ಲಿ ಅಪ್‌ಡೇಟ್ ಮುಂದೂಡಲ್ಪಡುವುದೂ ಉಂಟು.

ಬಳಕೆದಾರರು ಗಮನಿಸಬೇಕಾದದ್ದು

* ಉಚಿತ ಬೆಂಬಲದ ಅವಧಿ 16.04ಕ್ಕೆ 2021ರಲ್ಲಿ, 18.04ಕ್ಕೆ 2023ರಲ್ಲಿ, 20.04ಕ್ಕೆ 2025ರಲ್ಲಿ ಮುಗಿದಿದೆ. 22.04ಕ್ಕೆ 2027ರವರೆಗೆ, 24.04ಕ್ಕೆ 2029ರವರೆಗೆ ಇದೆ.
* ಟರ್ಮಿನಲ್‌ನಲ್ಲಿ ‘ಪ್ರೊ ಸೆಕ್ಯುರಿಟಿ-ಸ್ಟೇಟಸ್’ ಆದೇಶ ನೀಡಿದರೆ ಯಾವ ಉಗ್ರಾಣದ ಎಷ್ಟು ತಂತ್ರಾಂಶಗಳಿವೆ, ಯಾವುದಕ್ಕೆ ರಕ್ಷಣೆಯಿದೆ ಎಂಬುದು ತಿಳಿಯುತ್ತದೆ.
* ಮನೆಯ ಯಂತ್ರಗಳು ಐದರೊಳಗಿದ್ದರೆ ಉಚಿತ ನೋಂದಣಿ ಮಾಡಿಕೊಳ್ಳಬಹುದು.
* ಹೆಚ್ಚು ಯಂತ್ರಗಳಿರುವಲ್ಲಿ ಬಳಸದ ತಂತ್ರಾಂಶಗಳನ್ನು ತೆಗೆದುಹಾಕಿ, ಹೊಸ ದೀರ್ಘಾವಧಿ ಆವೃತ್ತಿಗೆ ಬದಲಾಗುವುದು ಒಳಿತು.

ಉಚಿತವಾಗಿ ದೊರೆಯುವ ತಂತ್ರಾಂಶಕ್ಕೂ ಕಾವಲು ಕಾಯುವವರ ಶ್ರಮ ಬೇಕು. ಆ ಕಾವಲು ಎಲ್ಲಿಯವರೆಗೆ ಇದೆ ಎಂಬುದನ್ನು ಮೊದಲ ದಿನವೇ ತಿಳಿಸುವುದು ಹಂಚುವವರ ಕರ್ತವ್ಯ. ಕೇಳಿ ತಿಳಿಯುವುದು ಬಳಸುವವರ ಹಕ್ಕು.