ಯೇವಲಾದಿಂದ ಬೆಳಗಾವಿಗೆ

ಒಂದು ನಕಾಶೆ ಎದುರಿಗಿಟ್ಟುಕೊಳ್ಳಿ. ಗಂಗಾಪುರ ಅಂದ ಕೂಡಲೇ ನಮ್ಮ ಕಲಬುರಗಿ ಕಡೆಯವರಿಗೆ ಗಾಣಗಾಪುರ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಅದಲ್ಲ. ಮಹಾರಾಷ್ಟ್ರದ ನಾಸಿಕ್ ಪಕ್ಕದಲ್ಲಿ ಗೋದಾವರಿಗೆ ಕಟ್ಟಿದ ಗಂಗಾಪುರ ಅಣೆಕಟ್ಟು ಇದೆ. ಛತ್ರಪತಿ ಸಂಭಾಜಿನಗರ, ಅಂದರೆ ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಔರಂಗಾಬಾದ್, ಆ ಜಿಲ್ಲೆಯಲ್ಲಿ ಗಂಗಾಪುರ ತಾಲ್ಲೂಕು ಇದೆ. ಈ ಎರಡು ಗಂಗಾಪುರಗಳ ನಡುವಿನ ದಾರಿಯಲ್ಲಿ ಸಿಗುವ ಊರು ಯೇವಲಾ. ಪೈಠಣಿ ಸೀರೆಗೆ ಹೆಸರಾದ ಊರು.

1935ರ ಅಕ್ಟೋಬರ್ 13ರಂದು ಆ ಊರಿನ ಸಮಾವೇಶದಲ್ಲಿ ಡಾ. ಅಂಬೇಡ್ಕರ್, ಹಿಂದೂವಾಗಿ ಹುಟ್ಟಿದ್ದು ತನ್ನ ಕೈಯಲ್ಲಿರಲಿಲ್ಲ, ಆದರೆ ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. 1930ರಲ್ಲಿ ನಾಸಿಕ್‌ನ ಕಾಳಾರಾಮ ದೇವಸ್ಥಾನದ ಬಾಗಿಲಲ್ಲಿ ಶುರುವಾದ ಸತ್ಯಾಗ್ರಹ ವರ್ಷಗಟ್ಟಲೆ ನಡೆದರೂ ಬಾಗಿಲು ತೆರೆದಿರಲಿಲ್ಲ. ಯೇವಲಾದ ಮಾತು ಕೇಳಿ ಮುಸ್ಲಿಮರು, ಕ್ರೈಸ್ತರು, ಸಿಖ್ಖರು ಎಲ್ಲರೂ ಅವರನ್ನು ತಮ್ಮ ಕಡೆ ಕರೆದರು. ಅವರು ಅವಸರ ಮಾಡಲಿಲ್ಲ. ಓದಿದರು, ಯೋಚಿಸಿದರು. ಇಪ್ಪತ್ತೊಂದು ವರ್ಷದ ನಂತರ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧರಾದರು. ಅದಕ್ಕೆ ಅವರು ಯಾವ ಕಲೆಕ್ಟರ ಕಚೇರಿಗೂ ಫಾರಂ ತುಂಬಿ ಕೊಡಬೇಕಾಗಿರಲಿಲ್ಲ.

ಇಲ್ಲೊಂದು ವಿಚಿತ್ರ ನೋಡಿ. ಆ ದಿನ ನಾಗಪುರ ಇನ್ನೂ ಹಳೆಯ ಮಧ್ಯಪ್ರದೇಶದ ರಾಜಧಾನಿ. ಮುಂಬಯಿ ರಾಜ್ಯಕ್ಕೆ ಸೇರಿದ್ದು ಹದಿನೆಂಟು ದಿನದ ನಂತರ. ಮಿಷನರಿಗಳ ಮತಾಂತರ ಚಟುವಟಿಕೆ ಕುರಿತು ಅದೇ ಮಧ್ಯಪ್ರದೇಶ ಸರ್ಕಾರ ನೇಮಿಸಿದ್ದ ನಿಯೋಗಿ ಸಮಿತಿಯ ವರದಿ ಬಂದದ್ದೂ ಅದೇ 1956ರಲ್ಲಿ. ಮತಾಂತರಕ್ಕೆ ಕಾನೂನಿನ ಕಡಿವಾಣ ಬೇಕು ಎಂಬ ವಾದಕ್ಕೆ ಆ ವರದಿಯೇ ದೊಡ್ಡ ಆಧಾರವಾಯಿತು. ಅದಕ್ಕೂ ಮೊದಲು ರಾಯಗಢ (1936), ಸುರ್ಗುಜಾ (1945) ಮುಂತಾದ ಸಂಸ್ಥಾನಗಳಲ್ಲಿ ಇಂಥ ಕಾಯ್ದೆಗಳಿದ್ದವು. ಸ್ವಾತಂತ್ರ್ಯದ ನಂತರ 1967ರಲ್ಲಿ ಒಡಿಶಾ, 1968ರಲ್ಲಿ ಮಧ್ಯಪ್ರದೇಶ ಕಾಯ್ದೆ ತಂದವು. 1977ರ ಜನವರಿಯಲ್ಲಿ, ತುರ್ತು ಪರಿಸ್ಥಿತಿ ಇನ್ನೂ ಮುಗಿಯದ ಹೊತ್ತಿನಲ್ಲಿ, ಸುಪ್ರೀಂ ಕೋರ್ಟ್ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಎರಡನ್ನೂ ಎತ್ತಿಹಿಡಿಯಿತು. ಧರ್ಮ ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. ಸಂವಿಧಾನ ಸಭೆಯಲ್ಲಿ ಈ ‘ಪ್ರಚಾರ’ ಎಂಬ ಪದವೇ ಬೇಡ ಎಂದವರಲ್ಲಿ ಬಿಹಾರದ ತಜಮ್ಮುಲ್ ಹುಸೇನ್ ಕೂಡ ಇದ್ದರು. ಧರ್ಮ ಖಾಸಗಿಯಾಗಿರಲಿ ಎಂಬುದು ಅವರ ವಾದ. ನಮ್ಮವರೆಲ್ಲ ಒಂದೇ ಧ್ವನಿಯಲ್ಲಿ ಮಾತಾಡಿದ್ದರು ಅಂತ ತಿಳಿಯಬೇಡಿ.

ಈಗ ನಮ್ಮ ರಾಜ್ಯಕ್ಕೆ ಬರೋಣ. 2021ರ ಡಿಸೆಂಬರ್ 23ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ವಿಧಾನಸಭೆ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ವಿಧೇಯಕಕ್ಕೆ ಒಪ್ಪಿಗೆ ಕೊಟ್ಟಿತು. ಪರಿಷತ್ತಿನಲ್ಲಿ ಸರ್ಕಾರಕ್ಕೆ ಬಹುಮತ ಇರಲಿಲ್ಲ. ಹಾಗಾಗಿ 2022ರ ಮೇ 17ರಂದು ಸುಗ್ರೀವಾಜ್ಞೆ ಬಂತು, ಸೆಪ್ಟೆಂಬರಿನಲ್ಲಿ ಅದು ಕಾಯ್ದೆಯಾಯಿತು. ಹೆಸರು ಚೆಂದವಾಗಿದೆ, ಅಲ್ಲವೇ? ಒಳಗೇನಿದೆ ನೋಡೋಣ.

ಧರ್ಮ ಬದಲಿಸುವವನು ಮೂವತ್ತು ದಿನ ಮೊದಲು ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಸಲ್ಲಿಸಬೇಕು. ಅದನ್ನು ನೋಟಿಸ್ ಬೋರ್ಡಿಗೆ ಹಾಕಿ ಆಕ್ಷೇಪಣೆ ಕರೆಯುತ್ತಾರೆ. ಧರ್ಮ ಬದಲಿಸಿದ ಮೇಲೆ ಮತ್ತೊಂದು ಘೋಷಣೆ. ಕಾಯ್ದೆ ಮೀರಿ ಮತಾಂತರಿಸಿದವನಿಗೆ ಮೂರರಿಂದ ಐದು ವರ್ಷ ಜೈಲು. ಮತಾಂತರವಾದವರು ಮಹಿಳೆ, ಅಪ್ರಾಪ್ತ, ಬುದ್ಧಿ ಸ್ಥಿಮಿತ ಇಲ್ಲದವರು ಅಥವಾ ಪರಿಶಿಷ್ಟ ಜಾತಿ, ಪಂಗಡದವರಾದರೆ ಹತ್ತು ವರ್ಷದವರೆಗೆ. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಓಟು ಹಾಕುವ, ಸರ್ಕಾರ ಆರಿಸುವ ಪ್ರಾಯಕ್ಕೆ ಬಂದ ಹೆಣ್ಣುಮಗಳನ್ನು ಮಕ್ಕಳ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಬಾಬಾಸಾಹೇಬರ ಜನರನ್ನೂ ಅದೇ ಸಾಲಿನಲ್ಲಿ. ಪ್ರಾಯಕ್ಕೆ ಬಂದ ಹೆಣ್ಣು ತನ್ನ ಧರ್ಮವನ್ನೂ ಸಂಗಾತಿಯನ್ನೂ ತಾನೇ ಆರಿಸಬಲ್ಲಳು ಎಂದು ಹಾದಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ, ಅಂದರೆ ಈ ಕಾಯ್ದೆಗಿಂತ ನಾಲ್ಕು ವರ್ಷ ಮೊದಲು.

ಬಲವಂತ, ಮೋಸಕ್ಕೆ ಶಿಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. ದೀನಿನಲ್ಲಿ ಜಬರ್ದಸ್ತಿ ಇಲ್ಲ ಎಂಬುದನ್ನು ನಾವು ಮದರಸದ ಮೊದಲ ವರ್ಷಗಳಲ್ಲೇ ಕಲಿತವರು. ತೊಂದರೆ ಇರುವುದು ‘ಆಮಿಷ’ ಎಂಬ ಪದದ ವ್ಯಾಖ್ಯೆಯಲ್ಲಿ. ಧಾರ್ಮಿಕ ಸಂಸ್ಥೆ ನಡೆಸುವ ಶಾಲೆಯಲ್ಲಿ ಉಚಿತ ಶಿಕ್ಷಣ, ಅದೂ ಆಮಿಷ. ಮದುವೆಯಾಗುವ ಮಾತು, ಒಳ್ಳೆಯ ಬದುಕಿನ ಭರವಸೆ, ಒಂದು ಧರ್ಮವನ್ನು ಇನ್ನೊಂದಕ್ಕೆ ಎದುರಾಗಿ ಹೊಗಳುವುದು, ಇನ್ನೊಂದರ ಆಚರಣೆಯನ್ನು ಕೀಳಾಗಿ ತೋರಿಸುವುದು, ಎಲ್ಲವೂ ಅದರೊಳಗಿವೆ. ನಾಗಪುರದ ಆ ದಿನದ 22 ಪ್ರತಿಜ್ಞೆಗಳಲ್ಲಿ ಹಳೆಯ ದೇವರುಗಳನ್ನು ಪೂಜಿಸುವುದಿಲ್ಲ ಎಂಬುದೂ ಇತ್ತು. ಅವು ಇಂದು ಯಾವ ಕಲಮಿನಡಿ ಬರುತ್ತವೋ ನೀವೇ ಹೇಳಿ. ನಾನೊಬ್ಬ ಶಿಕ್ಷಕ. ಫೀಸು ಕಟ್ಟಲಾಗದ ಮಗುವನ್ನು ಕೂರಿಸಿಕೊಂಡು ಪಾಠ ಹೇಳುವಾಗ ಈ ವಾಕ್ಯ ಒಮ್ಮೊಮ್ಮೆ ನೆನಪಾಗುತ್ತದೆ. ತಪ್ಪು ಮಾಡಿಲ್ಲ ಎಂದು ಸಾಬೀತು ಮಾಡುವ ಹೊಣೆಯೂ ಆರೋಪಿಯದೇ ಎಂದು ಕಾಯ್ದೆ ಹೇಳುತ್ತದೆ.

ಇನ್ನೊಂದು ಮಾತು. ಹಿಂದಿನ ಧರ್ಮಕ್ಕೆ ಮರಳಿದರೆ ಅದು ಮತಾಂತರವೇ ಅಲ್ಲವಂತೆ. ಹೋಗುವಾಗ ಫಾರಂ, ಬರುವಾಗ ಬೇಡ.

2023ರ ಜೂನ್ 15ರಂದು ಹೊಸ ಸರ್ಕಾರದ ಸಂಪುಟ ಈ ಕಾಯ್ದೆಯನ್ನು ರದ್ದು ಮಾಡಲು ತೀರ್ಮಾನಿಸಿತು. ನಮ್ಮಲ್ಲಿ ಮಿಠಾಯಿ ಹಂಚಿದವರೂ ಇದ್ದರು. ಆದರೆ ಸಂಪುಟದ ತೀರ್ಮಾನದಿಂದಷ್ಟೇ ಕಾಯ್ದೆ ಹೋಗುವುದಿಲ್ಲ, ಸದನದಲ್ಲಿ ರದ್ದಾಗಬೇಕು. ಎರಡು ವರ್ಷದ ಮೇಲೂ ಜಮಖಂಡಿಯಲ್ಲಿ ಮೂವರು ಮುಸ್ಲಿಮರ ಮೇಲೆ ಇದೇ ಕಾಯ್ದೆಯಡಿ ಕೇಸು ದಾಖಲಾಯಿತು. ದೇವಸ್ಥಾನದ ಬಳಿ ಇಸ್ಲಾಂ ಕುರಿತ ಕರಪತ್ರ ಹಂಚಿದರು, ಕೆಲಸದ ಆಸೆ ತೋರಿಸಿದರು ಎಂಬುದು ದೂರು. 2025ರ ಜುಲೈನಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ದೂರು ಕೊಡಬಲ್ಲವರು ಯಾರು ಎಂದು ಕಾಯ್ದೆಯಲ್ಲೇ ಪಟ್ಟಿ ಇದೆ, ದೂರುದಾರ ಅದರಲ್ಲಿ ಬರುವುದಿಲ್ಲ. ಯಾರನ್ನೋ ಮತಾಂತರಿಸಿದರು ಎಂಬ ಆರೋಪವೂ ಅಲ್ಲಿಲ್ಲ ಎಂದಿತು. ದೇವಸ್ಥಾನದ ಬಳಿ ಕರಪತ್ರ ಹಂಚುವುದು ಜಾಣತನವೇ ಎಂದು ನನ್ನನ್ನು ಕೇಳಿದರೆ, ಅಲ್ಲ ಎನ್ನುತ್ತೇನೆ. ಜಾಣತನ ಇಲ್ಲದಿರುವುದು ಅಪರಾಧವಲ್ಲ, ಅಷ್ಟೇ.

ನಾವು ಕನ್ನಡಿಯನ್ನೂ ನೋಡಿಕೊಳ್ಳಬೇಕು. 1948ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯಲ್ಲಿ ಧರ್ಮ ಬದಲಿಸುವ ಸ್ವಾತಂತ್ರ್ಯ ಸೇರಿದಾಗ ಸೌದಿ ಅರೇಬಿಯಾ ಮತ ಹಾಕದೆ ದೂರ ಉಳಿಯಿತು. ಪಾಕಿಸ್ತಾನದ ಜಫ್ರುಲ್ಲಾ ಖಾನ್ ಆ ಸ್ವಾತಂತ್ರ್ಯದ ಪರ ಮಾತಾಡಿದರು. ಅವರ ಅಹ್ಮದೀಯ ಪಂಗಡವನ್ನೇ 1974ರಲ್ಲಿ ಅವರ ದೇಶ ಮುಸ್ಲಿಮರಲ್ಲ ಎಂದು ಸಂವಿಧಾನದಲ್ಲಿ ಬರೆಯಿತು. ಅಲ್ಲಿ ಬೀಗ ಹಾಕಿ ಇಲ್ಲಿ ಕೀಲಿ ಕೇಳಿದರೆ ನಮ್ಮ ಮಾತಿಗೆ ತೂಕ ಎಲ್ಲಿಂದ ಬರಬೇಕು?

2024ರ ಏಪ್ರಿಲ್‌ನಲ್ಲಿ ಗುಜರಾತ್ ಸರ್ಕಾರ ಸುತ್ತೋಲೆ ಹೊರಡಿಸಿ, ಹಿಂದೂಗಳು ಬೌದ್ಧರಾಗುವುದಕ್ಕೂ ಅನುಮತಿ ಬೇಕು ಎಂದಿತು. 2025ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ಇಂಥದ್ದೇ ಕಾನೂನಿನ ರೂಪುರೇಷೆಗೆ ಪೊಲೀಸ್ ಮಹಾನಿರ್ದೇಶಕರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಯೇವಲಾ ಇರುವ ರಾಜ್ಯ.

25ನೇ ವಿಧಿಯ ಪಾಠದ ದಿನ ಇದನ್ನೆಲ್ಲ ಹೇಳಿದಾಗ ಒಬ್ಬಳು ಹುಡುಗಿ ಕೈ ಎತ್ತಿದಳು. “ಸರ್, ನಾಗಪುರದಲ್ಲಿ ಅವತ್ತು ಬಂದೋರೆಲ್ಲ ಫಾರಂ ತುಂಬಿದ್ರಾ?” ಇಲ್ಲಮ್ಮ ಅಂದೆ. “ಈಗ ಆಗಿದ್ರೆ?” ಒಬ್ಬೊಬ್ಬರೂ ತುಂಬಬೇಕಿತ್ತು, ಎಲ್ಲರ ವಿವರವೂ ಕಚೇರಿಯ ನೋಟಿಸ್ ಬೋರ್ಡಿಗೆ ಹೋಗುತ್ತಿತ್ತು ಅಂದೆ. ಸ್ವಲ್ಪ ಯೋಚಿಸಿ ಕೇಳಿದಳು: “ಅಷ್ಟೊಂದು ಹೆಸರು ಬೋರ್ಡಿನ ಮೇಲೆ ಹಿಡಿಸ್ತಾವಾ ಸರ್?”