ಉಪ್ಪಾಗೆ: ದಾಖಲೆಗೆ ತಡವಾಗಿ ಸಿಕ್ಕ ಕಾಡುಹಣ್ಣು

ಶಿರಸಿ, ಸಿದ್ದಾಪುರ ಕಡೆಯ ಕಾಡಿನಲ್ಲಿ ಉಪ್ಪಾಗೆ ಮಾಗುವುದು ಜೂನ್‌ನಿಂದ ಆಗಸ್ಟ್‌ವರೆಗಿನ ಜಡಿಮಳೆಯಲ್ಲಿ. ಅದರ ದಾಯಾದಿ ಮುರುಗಲು ಬೇಸಿಗೆಯಲ್ಲೇ ಹಣ್ಣಾಗಿ ಅಂಗಳದ ಬಿಸಿಲಲ್ಲಿ ಒಣಗುತ್ತದೆ. ಉಪ್ಪಾಗೆಗೆ ಆ ಯೋಗವಿಲ್ಲ. ಪುಟ್ಟ ಕುಂಬಳಕಾಯಿಯಂತೆ ಗೆರೆಬಿದ್ದ ಹಳದಿ ಹಣ್ಣನ್ನು ಬಿಡಿಸಿ, ಸಿಪ್ಪೆಯನ್ನು ಬೆಂಕಿಯ ಮೇಲೆಯೇ ಒಣಗಿಸಬೇಕು. ಮಳೆ, ಸಿಪ್ಪೆ, ಸೌದೆ ಈ ಮೂರರ ಲೆಕ್ಕವನ್ನು ಬಿಟ್ಟರೆ ಈ ಹಣ್ಣಿನ ಚರಿತ್ರೆ ಅರ್ಥವಾಗುವುದಿಲ್ಲ.

ಲಿಖಿತ ಚರಿತ್ರೆಯಲ್ಲಿ ಅದು ಮೊದಲು ಕಾಣಿಸುವುದು ಮಲಯಾಳದ ಹೆಸರಿನಲ್ಲಿ. 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ 'ಹೋರ್ಟಸ್ ಮಲಬಾರಿಕಸ್'ನ ಮೊದಲ ಸಂಪುಟ ಇದನ್ನು 'ಕೊಡಂಪುಳಿ' ಎಂದು ವರ್ಣಿಸುತ್ತದೆ. ಕೇರಳದ ಮೀನುಸಾರಿಗೆ ಈಗಲೂ ಅದೇ ಹುಳಿ ಬೀಳುತ್ತದೆ. ನಮ್ಮ ಘಟ್ಟದ ಅಡುಗೆಮನೆಯ ಬಳಕೆ ಬೇರೆಯೇ ಆಗಿತ್ತು. ಹಣ್ಣಿನ ರಸವನ್ನು ಕಪ್ಪಗೆ ಮಂದವಾಗುವವರೆಗೆ ಕಾಯಿಸಿ ಹುಳಿ ಮಾಡಿಡುತ್ತಿದ್ದರು. ಬೀಜದಿಂದ ತೆಗೆದ ಕೊಬ್ಬು 'ಉಪ್ಪಾಗೆ ತುಪ್ಪ'ವಾಗಿ ಬಳಕೆಯಾಗುತ್ತಿತ್ತು. ಭರಣಿಯಲ್ಲೇ ಮುಗಿಯುವ ಇಂಥ ವಸ್ತುವಿನ ಲೆಕ್ಕ ಯಾರು ಬರೆದಿಡುತ್ತಾರೆ?

ಸರ್ಕಾರವಂತೂ ಬರೆದಿಡಲಿಲ್ಲ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು, 1878ರ ಅರಣ್ಯ ಕಾಯ್ದೆ ಬಂತು. ತೇಗವೇ ಕಾಡಿನ ಬೆಲೆಯಾದ ಆ ಆಡಳಿತದಲ್ಲಿ ಜೇನು, ಶೀಗೆ, ಅಳಲೆಗಳೆಲ್ಲ 'ಕಿರು ಉತ್ಪನ್ನ'ವಾದವು. ಕಿರಿದು ಯಾರಿಗೆ ಎಂಬ ಪ್ರಶ್ನೆ ಕಡತದಲ್ಲಿ ಏಳುವುದಿಲ್ಲ. ಚರ್ಮ ಹದಮಾಡಲು ಹಡಗೇರುತ್ತಿದ್ದ ಅಳಲೆಗಾದರೂ ಲೆಕ್ಕದಲ್ಲಿ ಜಾಗವಿತ್ತು.

ಉಪ್ಪಾಗೆಯ ದೆಸೆ ತಿರುಗಿದ್ದು ಕಾಡಿನಿಂದ ಬಲುದೂರದಲ್ಲಿ. ಅದರ ಹುಳಿಗೆ ಟಾರ್ಟಾರಿಕ್ ಅಥವಾ ಸಿಟ್ರಿಕ್ ಆಮ್ಲವೇ ಕಾರಣ ಎಂದು ನಂಬಲಾಗಿತ್ತು. 1965ರಲ್ಲಿ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್ ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿದರು. ಆ ಕೆಲಸ ನಡೆದದ್ದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ). ದೇಹದಲ್ಲಿ ಕೊಬ್ಬು ತಯಾರಾಗಲು ಬೇಕಾದ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ ಎಂಬುದು 1969ರಲ್ಲಿ ಅಮೆರಿಕದಲ್ಲಿ ತಿಳಿಯಿತು. 1990ರ ದಶಕಕ್ಕೆ ಅಲ್ಲಿ ತೂಕ ಇಳಿಸುವ ಮಾತ್ರೆಗಳ ಮೇಲೆ ಉಪ್ಪಾಗೆಯ ಸಸ್ಯಕುಲದ ಹೆಸರಾದ ಗಾರ್ಸೀನಿಯಾ ರಾರಾಜಿಸತೊಡಗಿತು. ಮೀನುಸಾರಿನ ಹುಳಿಗೆ ಎರಡನೇ ಗಿರಾಕಿ ಹುಟ್ಟಿದ.

ಇತ್ತ ಕಾಡಿನಲ್ಲಿ ಪೈಪೋಟಿ ಶುರುವಾಯಿತು. ಹಕ್ಕು ಟೆಂಡರು ಹಿಡಿದ ಗುತ್ತಿಗೆದಾರನದು, ಕೊಯ್ಯುವ ಕೈ ಊರವರದು, ಮರ ಯಾರದೂ ಅಲ್ಲ. ಹಣ್ಣಾಗಲಿ ಎಂದು ಇಂದು ಬಿಟ್ಟುಬಂದರೆ ನಾಳೆ ಇನ್ನೊಬ್ಬ ಕೊಯ್ದಿರುತ್ತಾನೆ. ಹೀಗಾಗಿ ಕಾಯಿಯನ್ನೇ ಉದುರಿಸಿದರು. ಕೈಗೆಟುಕದ ಕೊಂಬೆಗೆ ಕತ್ತಿ ಬಿತ್ತು. ಬಲಿಯದ ಕಾಯಿಯ ಬೀಜ ಮೊಳೆಯದು, ತುಪ್ಪಕ್ಕೂ ಒದಗದು. ಅಘನಾಶಿನಿ ಕಣಿವೆಯ ಸಿಂಗಳೀಕಗಳ ಪಾಲೂ ಹೋಯಿತು. ಇದನ್ನು ಬಡವರ ದುರಾಸೆ ಎಂದು ಬರೆದವರಿದ್ದಾರೆ. ನನಗೆ ಕಾಣುವುದು ಒಡೆತನದ ಗೊಂದಲ. ಸ್ವಂತ ಬೇಣದ ಮರಕ್ಕೆ ಯಾರೂ ಹಾಗೆ ಕತ್ತಿ ಹಾಕುವುದಿಲ್ಲ.

ಒಲೆಯ ಮೇಲಿನ ಅಟ್ಟದಲ್ಲಿ ನಾಲ್ಕು ಬುಟ್ಟಿ ಒಣಗುತ್ತಿದ್ದ ಕಾಲಕ್ಕೆ ಅಡುಗೆಯ ಬೆಂಕಿಯೇ ಸಾಕಿತ್ತು. ಮೂಟೆಗಟ್ಟಲೆ ಬಂದಾಗ ಭಟ್ಟಿ ಹೂಡಬೇಕಾಯಿತು, ಸೌದೆಯೂ ಅದೇ ಕಾಡಿನಿಂದಲೇ ಬಂತು. ಮರದ ಹಣ್ಣನ್ನು ಮಾರಲು ಮರವನ್ನೇ ಸುಡುವ ಈ ಲೆಕ್ಕದಿಂದ ಪಾರಾಗಲು ಕಡಿಮೆ ಸೌದೆಯ ಒಲೆಗಳು ಆಮೇಲೆ ಬಂದವು.

ಇಷ್ಟೆಲ್ಲಕ್ಕೂ ಕಾರಣವಾದ ತೂಕದ ಮಾತ್ರೆಯ ಬಗ್ಗೆ 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 135 ಜನರ ಮೇಲಿನ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. 12 ವಾರ ಉಪ್ಪಾಗೆಯ ಆಮ್ಲ ಸೇವಿಸಿದವರಿಗೂ ಹುಸಿಮಾತ್ರೆ ನುಂಗಿದವರಿಗೂ ತೂಕದಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಮಾತ್ರೆಯ ವ್ಯಾಪಾರ ಮಾತ್ರ ನಿಲ್ಲಲಿಲ್ಲ.

ಇನ್ನು ಒಡೆತನದ ಮಾತಿಗೆ ಬಂದರೆ, 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಉತ್ಪನ್ನದ ಒಡೆತನವನ್ನು ಕಾಡಿನವರಿಗೆ ಕೊಡುತ್ತದೆ. ಇಲ್ಲಿನ ಕಾಡಿನ ಸಮುದಾಯಗಳಲ್ಲಿ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದಲ್ಲಿದ್ದಾರೆ. ಹಾಲಕ್ಕಿಗಳೂ ಕುಣಬಿಗಳೂ ಆ ಪಟ್ಟಿಗೆ ಸೇರಿಲ್ಲದ ಕಾರಣ ಮೂರು ತಲೆಮಾರು, ಅಂದರೆ 75 ವರ್ಷಗಳ ನೆಲೆ ಮತ್ತು ಕಾಡಿನ ಅವಲಂಬನೆಯನ್ನು ಸಾಬೀತುಮಾಡಬೇಕು. ನಿಯಮಗಳು ಊರ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವಾಗಿ ಒಪ್ಪುತ್ತವೆ. ಭರಣಿಯ ಹುಳಿಗೂ ತುಪ್ಪಕ್ಕೂ ಇರುವ ದಾಖಲೆ ಅದೊಂದೇ.